ದಾರಿ ತಪ್ಪಿದ ಮೊಟ್ಟೆ

ಒಂದೇ ಜಾತಿಯ ಕೋಳಿ ಸಾಕಿದವರಿಗೆ ಮೊಟ್ಟೆ ಎಂದರೆ ಲೆಕ್ಕ. ಬೆರಕೆ ಮಂದೆ ಸಾಕಿದವರಿಗೆ ಅದು ದಿನಕ್ಕೊಂದು ಒಗಟು. ಹಿತ್ತಲಲ್ಲಿ ನಾಟಿ ಹೇಂಟೆಗಳು, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ, ನೆಂಟರು ಕೊಟ್ಟ ಗಿನಿ ಕೋಳಿ, ಬಚ್ಚಲ ನೀರು ಕೆದಕುವ ಬಾತು ಎಲ್ಲವೂ ಒಟ್ಟಿಗೆ ಮೇಯುತ್ತಿದ್ದರೆ, ಗೂಡಿನಲ್ಲಿ ಸಿಕ್ಕ ಮೊಟ್ಟೆ ಯಾರದೆಂದು ಹೇಳುವುದಕ್ಕೆ ಕಣ್ಣು ಪಳಗಬೇಕು.

ಮೊದಲ ಪಾಠ ಸುಲಭ. ಸಣ್ಣಗೆ, ಮಾಸಲು ಕೆನೆಬಣ್ಣದ್ದು ನಾಟಿಯದು. ದಪ್ಪಗೆ, ಕಂದಾಗಿದ್ದರೆ ಗಿರಿರಾಜನದು. ಒಂದು ತುದಿ ಚೂಪಾಗಿ, ಚಮಚದ ಮೊದಲ ಏಟಿಗೆ ಬಗ್ಗದಷ್ಟು ಗಟ್ಟಿ ಚಿಪ್ಪಿನದು ಗಿನಿ ಕೋಳಿಯದು. ಕೈಯಲ್ಲಿ ಜಾರುವ ನುಣುಪು, ಬಿಳುಪಿನಲ್ಲಿ ಒಮ್ಮೊಮ್ಮೆ ನಸುಹಸಿರು ಕಂಡರೆ ಬಾತಿನದು. ಕಿವಿಯ ಹಾಲೆ ಬೆಳ್ಳಗಿದ್ದರೆ ಬಿಳಿ ಮೊಟ್ಟೆ, ಕೆಂಪಗಿದ್ದರೆ ಕಂದು ಮೊಟ್ಟೆ ಎಂಬ ಲೆಕ್ಕಾಚಾರವೂ ಇದೆ. ಬಹುಪಾಲು ಸರಿ, ಆದರೆ ನೆಚ್ಚಿಕೊಳ್ಳುವಂತಿಲ್ಲ. ಮಾಂಸದವರೆಗೂ ಕಪ್ಪಾದ ಕಡಕನಾಥ್ ಇಡುವ ಮೊಟ್ಟೆಯಲ್ಲಿ ಕಪ್ಪಿನ ಸುಳಿವೇ ಇಲ್ಲ.

ಬಣ್ಣಕ್ಕೂ ಅದರದೇ ಕಥೆ. ಕಂದು ಬಣ್ಣ, ಸುಣ್ಣದ ಗೋಡೆಗೆ ಕಡೆಯಲ್ಲಿ ಬಳಿದ ಕೆಮ್ಮಣ್ಣಿನಂತೆ, ಚಿಪ್ಪಿನ ಹೊರಮೈಯಲ್ಲೇ ನಿಲ್ಲುತ್ತದೆ. ಒಡೆದು ನೋಡಿದರೆ ಒಳಗೆ ಬಿಳುಪು. ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನ ಕೋಳಿ ಇಡುವ ನೀಲಿ ಮೊಟ್ಟೆ ಮಾತ್ರ ಚಿಪ್ಪಿನ ಒಳಗೂ ನೀಲಿ. ಎಂದೋ ಕೋಳಿಯ ವಂಶವಾಹಿಯೊಳಗೆ ಸೇರಿಕೊಂಡ ವೈರಸ್ಸಿನ ತುಣುಕೊಂದು ಆ ನೀಲಿಗೆ ಕಾರಣ ಎಂದು 2013ರಲ್ಲಿ ತಿಳಿದುಬಂತು.

ಆದರೆ ಈ ಯಾವ ಪಾಠಕ್ಕೂ ಸಿಗದ ಮೊಟ್ಟೆಗಳು ಬರುತ್ತವೆ. ಗೋಲಿಯಷ್ಟೇ ಇದ್ದು, ಒಡೆದರೆ ಹಳದಿಯೇ ಇಲ್ಲದ್ದು. ಚಿಪ್ಪಿಲ್ಲದೆ ಬರೀ ತೊಗಲಿನಲ್ಲಿ ಮೆತ್ತಗೆ ಬಂದದ್ದು. ನಡುವಿಗೆ ಸುಕ್ಕಿನ ಪಟ್ಟಿ ಬಿಗಿದದ್ದು. ಜೋಡಿ ಹಳದಿಯದು. ಅಪರೂಪಕ್ಕೆ, ಮೊಟ್ಟೆಯೊಳಗೊಂದು ಮೊಟ್ಟೆ. ಇಂಥದ್ದು ಸಿಕ್ಕ ದಿನ ‘ಯಾರದು?’ ಎಂಬ ಪ್ರಶ್ನೆ ಹಿಂದೆ ಸರಿದು ‘ಏನಾಯಿತು?’ ಎಂಬುದು ಮುಂದೆ ಬರುತ್ತದೆ.

ಇದಕ್ಕೆ ಭಯದ ಉತ್ತರ ಕೊಟ್ಟವರಿದ್ದಾರೆ. ಹುಂಜ ಮೊಟ್ಟೆ ಇಟ್ಟಿತೆಂದು 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವಿಚಾರಣೆ ನಡೆಸಿ ಅದನ್ನು ಸುಟ್ಟುಹಾಕಿದರು. ಹೇಂಟೆ ಕೂಗಿದರೆ ಮನೆಗೆ ಕೇಡು ಎಂಬ ನಂಬಿಕೆ ನಮ್ಮಲ್ಲೂ ಇದೆ. ಆದರೆ ಆ ಕೂಗಿನ ಕಾರಣ ಹೇಂಟೆಯ ಮೈಯೊಳಗೇ ಇದೆ. ಕೋಳಿಗೆ ಸಾಮಾನ್ಯವಾಗಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯವೊಂದೇ. ಅದು ಕೆಟ್ಟರೆ ಹೇಂಟೆಗೆ ಹುಂಜದ ಜುಟ್ಟು, ಹುಂಜದ ಕೂಗು ಬರುವುದುಂಟು.

ಮೊಟ್ಟೆ ಆಗುವುದಕ್ಕೆ ಸುಮಾರು 25 ಗಂಟೆ ಬೇಕು. ಅಂಡಾಶಯದಿಂದ ಕಳಚಿದ ಹಳದಿ ಒಂದು ನಾಳದಲ್ಲಿ ಸಾಗುತ್ತದೆ. ಮೂರು ಗಂಟೆಯಲ್ಲಿ ಲೋಳೆ ಸುತ್ತಿಕೊಳ್ಳುತ್ತದೆ, ಮುಂದಿನ ಒಂದು ಗಂಟೆಯಲ್ಲಿ ಪೊರೆ. ಉಳಿದ ಸುಮಾರು 20 ಗಂಟೆಯೆಲ್ಲ ಚಿಪ್ಪಿನ ಕೆಲಸ. ಒಂದು ಚಿಪ್ಪಿಗೆ ಹೆಚ್ಚುಕಡಿಮೆ ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ರಾತ್ರಿ ಮೇವಿಲ್ಲದ ಹೊತ್ತಿನಲ್ಲಿ ಹೇಂಟೆ ಅದರಲ್ಲೊಂದು ಪಾಲನ್ನು ತನ್ನ ಎಲುಬಿನಿಂದಲೇ ಕರಗಿಸಿ ಕೊಡುತ್ತದೆ.

ಈ ದಾರಿ ತಿಳಿದರೆ ಒಂದೊಂದು ವಿಚಿತ್ರ ಮೊಟ್ಟೆಯೂ ಒಂದೊಂದು ಹಂತದ ಗುಟ್ಟು ಬಿಡುತ್ತದೆ. ತೊಗಲು ಮೊಟ್ಟೆ ಚಿಪ್ಪಿನ ಪಾಳಿಗೆ ಮೊದಲೇ ಹೊರಬಿದ್ದದ್ದು. ಸುಕ್ಕಿನ ಪಟ್ಟಿ, ಚಿಪ್ಪು ಎಳೆಯದಿದ್ದಾಗ ಹೊಟ್ಟೆಯೊಳಗೇ ಬಿರುಕುಬಿಟ್ಟು ಅಲ್ಲೇ ಬೆಸೆದುಕೊಂಡ ಗಾಯ. ಜೋಡಿ ಹಳದಿ, ಹೊಸದಾಗಿ ಮೊಟ್ಟೆಗೆ ಬಂದ ಕೋಳಿಯಲ್ಲಿ ಎರಡು ಹಳದಿ ಒಟ್ಟಿಗೆ ಹೊರಟಿದ್ದರ ಗುರುತು. ಗೋಲಿ ಮೊಟ್ಟೆಯದು ಎಲ್ಲಕ್ಕಿಂತ ದೊಡ್ಡ ಪಾಠ: ಹಳದಿಯ ಬದಲು ಯಾವುದೋ ಮಾಂಸದ ಚೂರು ಜಾರಿ ಬಂದರೆ, ನಾಳ ಅದಕ್ಕೂ ಲೋಳೆ ಸುತ್ತಿ, ಪೊರೆ ಹೊದಿಸಿ, ಎರಕ ತಪ್ಪದಂತೆ ಚಿಪ್ಪು ಕಟ್ಟಿ ಕಳಿಸುತ್ತದೆ. ಒಳಗಿರುವುದು ಏನೆಂದು ಅದು ಕೇಳುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಈ ಕೇಳದಿರುವಿಕೆ. ಮೊಟ್ಟೆ ಹೇಗಿರಬೇಕೆಂಬ ಇಡೀ ಚಿತ್ರ ಆ ದಾರಿಯ ಯಾವ ತಾಣಕ್ಕೂ ಗೊತ್ತಿಲ್ಲ. ಲೋಳೆಯ ಜಾಗಕ್ಕೆ ಚಿಪ್ಪಿನ ಅರಿವಿಲ್ಲ, ಚಿಪ್ಪಿನ ಜಾಗಕ್ಕೆ ಮರಿಯ ಸುದ್ದಿಯಿಲ್ಲ. ಪ್ರತಿಯೊಂದೂ ತನ್ನ ಹೊತ್ತಿಗೆ ತನ್ನ ಪಾಲು ಮುಗಿಸಿ ಸುಮ್ಮನಾಗುತ್ತದೆ. ಹೊತ್ತು ಕೂಡಿಬಂದಾಗ ಬೆಸುಗೆ ಎಲ್ಲೂ ಕಾಣದ ಮೊಟ್ಟೆಯೊಂದು ಹೊರಬರುತ್ತದೆ. ನಾವು ಅದನ್ನು ಮಾಮೂಲಿ ಎಂದು ಬುಟ್ಟಿಗೆ ಹಾಕುತ್ತೇವೆ. ಕಾವಿಗೆ ಇಟ್ಟರೆ 21ನೆಯ ದಿನ ಅದು ಚಿಲಿಪಿಲಿಗುಟ್ಟುತ್ತದೆ. ಇಷ್ಟೊಂದು ಅರಿಯದ ಕೈಗಳು ಸೇರಿ ಮಾಡುವ ಕೆಲಸ ಆಗೊಮ್ಮೆ ಈಗೊಮ್ಮೆ ದಾರಿ ತಪ್ಪುವುದಕ್ಕೆ ಕಾರಣ ಹುಡುಕಬಹುದು, ಸಿಗುತ್ತದೆ. ದಿನವೂ ತಪ್ಪದೇ ಇರುವುದಕ್ಕೆ ಅಷ್ಟು ಸಲೀಸಾಗಿ ಒಂದು ಕಾರಣ ಹೇಳಿ ಎದ್ದುಹೋಗಲು ಬರುವುದಿಲ್ಲ.