ಶಕ್ತಿಯನ್ನರಿತ ತಪಸ್ಸು

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶ್ರಾವಕರ ಮನೆಗಳಲ್ಲಿ ಒಲೆ ಉರಿಯುವ ವೇಳೆಯೇ ಬದಲಾಗುತ್ತದೆ. ಒಬ್ಬರದು ಏಕಾಶನ, ಮತ್ತೊಬ್ಬರದು ಅನಶನ, ಕೆಲವರದು ರಸತ್ಯಾಗ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ತಮ್ಮ ತಮ್ಮ ನಿಯಮವನ್ನು ಹಿಡಿಯುವ ಅಂಥ ಮನೆಯಲ್ಲಿ ಹದಿನೈದು ವರ್ಷದ ಮಧುಮೇಹಿ ಹುಡುಗನೊಬ್ಬನಿದ್ದು, "ಯವ್ವಾ, ಈ ಸಲ ನಾನೂ ಒಂದು ಉಪವಾಸ ಮಾಡ್ತೀನಿ" ಎಂದರೆ ತಾಯಿ ಏನು ಹೇಳಬೇಕು? ಬೇಡವೆಂದರೆ ಧರ್ಮಕ್ಕೆ ಅಡ್ಡಿಯಾದೆನೆಂಬ ಅಳುಕು. ಆಗಲೆಂದರೆ ಮಗನ ಪ್ರಾಣದ ಭಯ. ಈ ಪ್ರಶ್ನೆ ವೈದ್ಯಕ್ಕೆ ಮಾತ್ರ ಸೇರಿದುದಲ್ಲ, ವ್ರತದ ಸ್ವರೂಪಕ್ಕೂ ಸೇರಿದುದು.

ಮೊದಲು ರೋಗವನ್ನು ತಿಳಿಯಬೇಕು. ವಯಸ್ಸಾದವರಲ್ಲಿ ಕಾಣುವ ಸಕ್ಕರೆ ಕಾಯಿಲೆಯೂ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಮಧುಮೇಹವೂ ಒಂದೇ ಅಲ್ಲ. ಮಕ್ಕಳದು ಬಹುಮಟ್ಟಿಗೆ ಒಂದನೆಯ ಬಗೆಯದು. ಇದರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ರಕ್ಷಣಾಶಕ್ತಿಯೇ ನಾಶಮಾಡಿರುತ್ತದೆ. ಸಿಹಿ ತಿಂದುದರಿಂದ ಬಂದ ರೋಗವಲ್ಲ. ಪಥ್ಯವೊಂದರಿಂದಲೇ ಹೋಗುವುದೂ ಇಲ್ಲ. ಇನ್ಸುಲಿನ್ ಚುಚ್ಚಿಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿದು ನಡುಕ, ಬೆವರು, ಮಂಕು, ಮೂರ್ಛೆ ಬರಬಹುದು. "ಹೇಗೂ ಉಪವಾಸ, ಇಂದು ಸೂಜಿ ಏಕೆ?" ಎಂದು ಇನ್ಸುಲಿನ್ನನ್ನೇ ಬಿಟ್ಟರೆ ದೇಹ ಕೊಬ್ಬನ್ನು ಕರಗಿಸತೊಡಗಿ ರಕ್ತದಲ್ಲಿ ಆಮ್ಲ ಸೇರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಇದರ ಲಕ್ಷಣಗಳು, ತಡಮಾಡಿದರೆ ಪ್ರಾಣಾಂತಿಕ. ಹೊಟ್ಟೆ ಬರಿದಾಗಿದ್ದಾಗಲೂ ಸ್ವಲ್ಪ ಇನ್ಸುಲಿನ್ ಬೇಕೇ ಬೇಕು.

ಉಪವಾಸಕ್ಕೂ ಈ ರೋಗಕ್ಕೂ ಹಿಂದೆ ಒಂದು ದಾರುಣ ಸಂಬಂಧವಿತ್ತು. ಇನ್ಸುಲಿನ್ ದೊರೆಯುವ ಮುನ್ನ ಅಮೆರಿಕದ ಅಲೆನ್ ಎಂಬ ವೈದ್ಯರ ಪದ್ಧತಿಯಂತೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಹೆಚ್ಚಾಗಿ ಬದುಕಿಸಲು ಯತ್ನಿಸುತ್ತಿದ್ದರು. ಮಕ್ಕಳು ಎಲುಬಿನ ಗೂಡಾಗುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು. ಅಂದಿನಿಂದ ಇದು ಪ್ರತೀಕಾರವುಳ್ಳ ರೋಗವಾಯಿತು. ಈ 'ಪ್ರತೀಕಾರ' ಎಂಬ ಮಾತನ್ನು ನೆನಪಿನಲ್ಲಿಡಬೇಕು.

ಹಾವೇರಿ ಜಿಲ್ಲೆಯ ಬಂಕಾಪುರ ಉಪವಾಸದ ಇತಿಹಾಸದಲ್ಲಿ ದೊಡ್ಡ ಹೆಸರು. 974ರ ಸುಮಾರಿಗೆ ಗಂಗರ ಅರಸ ಮಾರಸಿಂಹನು ರಾಜ್ಯವನ್ನು ತೊರೆದು ಅಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನು ಆಚರಿಸಿ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಈ ಸ್ಮರಣೆಯಲ್ಲಿ ಬೆಳೆದ ಮನಸ್ಸಿಗೆ ಆಹಾರತ್ಯಾಗವೇ ಧರ್ಮದ ಶಿಖರವೆಂದು ತೋರುವುದು ಸಹಜ. ಆದರೆ ಆ ತ್ಯಾಗಕ್ಕೆ ಶಾಸ್ತ್ರವು ಮೇರೆಯನ್ನು ಹಾಕಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ಹೇಳುವ ಸಂದರ್ಭಗಳಲ್ಲಿ ರೋಗವೂ ಒಂದು. ಆದರೆ ಅದು ಪ್ರತೀಕಾರವಿಲ್ಲದ್ದಾಗಿರಬೇಕು.

ಆ ಆಚಾರ್ಯರ ಜೀವನವೇ ಇದಕ್ಕೆ ಭಾಷ್ಯವಾಗಿದೆ. ಅವರಿಗೆ ಭಸ್ಮಕವೆಂಬ, ಎಷ್ಟು ಉಂಡರೂ ತಣಿಯದ ಹಸಿವೆಯ ವ್ಯಾಧಿ ತಗಲಿತ್ತು. 1129ರ ಮಲ್ಲಿಷೇಣ ಪ್ರಶಸ್ತಿಯೂ ಇದನ್ನು ಸ್ಮರಿಸುತ್ತದೆ. ಮುನಿಯ ಮಿತಾಹಾರದಲ್ಲಿ ಆ ರೋಗ ಶಮನವಾಗುವಂತಿರಲಿಲ್ಲ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಇಳಿಸಿ, ಬೇಕಾದಷ್ಟು ಉಂಡು, ರೋಗವನ್ನು ಕಳೆದು ಮರಳಿ ದೀಕ್ಷೆ ವಹಿಸಬೇಕೆಂದು ಆಜ್ಞಾಪಿಸಿದರೆಂದು ಪರಂಪರೆಯ ಕಥೆ ಹೇಳುತ್ತದೆ. ಭಸ್ಮಕ ಬೇರೆ, ಮಧುಮೇಹ ಬೇರೆ. ಆದರೆ ಗುರುವಿನ ವಿವೇಕ ಒಂದೇ. ಮಹಾವ್ರತಿಗೇ ಉಣ್ಣೆಂದ ಧರ್ಮವು ಪ್ರತಿದಿನ ಮದ್ದಿನಿಂದ ಬದುಕುವ ಬಾಲಕನಿಗೆ ಉಪವಾಸವಿರೆಂದು ಹೇಳಲಾರದು.

ಹಾಗಾದರೆ ಆ ಹುಡುಗನಿಗೆ ಪರ್ವದಲ್ಲಿ ಪಾಲಿಲ್ಲವೇ? ಖಂಡಿತ ಉಂಟು. ಇದೇ ಭಾದ್ರಪದದಲ್ಲಿ ಚಿಂತಿಸುವ ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು 'ಶಕ್ತಿತಃ', ಶಕ್ತಿಗೆ ತಕ್ಕಂತೆ, ಎಂದೇ ಹೇಳಿದೆ. ಅನಶನವು ಆರು ಬಾಹ್ಯತಪಗಳಲ್ಲಿ ಒಂದು ಮಾತ್ರ. ಅಭ್ಯಂತರ ತಪಗಳು ಮತ್ತಾರು ಇವೆ. ವೇಳೆಗೆ ಸರಿಯಾಗಿ ಅಳೆದು ಉಣ್ಣುವುದು, ನಾಲಗೆ ಬೇಡಿದುದನ್ನು ಬಿಡುವುದು, ಸ್ವಾಧ್ಯಾಯ, ಒಂದು ಘಳಿಗೆಯ ಮೌನ, ಜಗಳವಾಡಿದ ಗೆಳೆಯನಲ್ಲಿ ಕ್ಷಮೆ ಕೇಳುವುದು ಅವನಿಂದ ಸಾಧ್ಯ. ದಿನಕ್ಕೆ ನಾಲ್ಕು ಬಾರಿ ಸೂಜಿಯನ್ನು ಮುನಿಸಿಲ್ಲದೆ ಸಹಿಸುವ ಬಾಲಕನ ಸಂಯಮವು ಒಂದು ದಿನದ ಉಪವಾಸಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು?

ರಾತ್ರಿಭೋಜನದ ಶಂಕೆಯೂ ಉಂಟು. ನಡುರಾತ್ರಿ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಸುಮಾರು 15 ಗ್ರಾಂ, ಎಂದರೆ ಮೂರು ಚಹಾ ಚಮಚದಷ್ಟು ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಜೇನಿನ ಗೊಡವೆಯೇ ಬೇಕಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಿಂಸೆಯ ಮೂಲ ಪ್ರಮಾದವೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಪ್ರಾಣರಕ್ಷಣೆಗೆ ಎಚ್ಚರದಿಂದ ಕೊಟ್ಟ ಆ ಗುಟುಕು ಭೋಗವಲ್ಲ, ಔಷಧ. ಬೆಳಗಾಗಲೆಂದು ಕಾಯುವುದೇ ಪ್ರಮಾದ. ನಿಯಮ ಹಿಡಿಯುವಾಗಲೇ ಈ ವಿನಾಯಿತಿಯನ್ನು ಹಿರಿಯರ ಮುಂದೆ ಹೇಳಿಟ್ಟರೆ ಮಗುವಿನ ಮನಸ್ಸಿನಲ್ಲಿ ವ್ರತಭಂಗದ ಮುಳ್ಳು ಉಳಿಯುವುದಿಲ್ಲ. ಇನ್ನು ಇನ್ಸುಲಿನ್ ಪಶುವಿನ ಅಂಗದಿಂದ ಬಂದುದೆಂಬ ಹಿಂದಿನ ಸಂಕಟ. 1982ರಿಂದ ಸೂಕ್ಷ್ಮಾಣುಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಯೀಸ್ಟ್ ಬಳಸಿ ಅದನ್ನು ತಯಾರಿಸಿ ಮಾರಾಟಕ್ಕೆ ತಂದಿತು. ಆ ಸಂಕಟ ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ.

ಉಳಿದುದು ಮನೆಯವರ ವ್ರತ. ಹದಿಹರೆಯದಲ್ಲಿ ಬೆಳವಣಿಗೆಯ ರಸಗಳಿಂದಾಗಿ ಇನ್ಸುಲಿನ್ನಿನ ಅಗತ್ಯ ಏರುತ್ತದೆ. ಎಷ್ಟು ನೇಮದಿಂದಿದ್ದರೂ ಸಕ್ಕರೆ ಏರಿಳಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದ ದಣಿದು ಬಂದ ತಂದೆ ಹೊಸ್ತಿಲಲ್ಲೇ "ಎಷ್ಟು ಬಂತು? ಏನ್ ತಿಂದಿ?" ಎಂದು ಗದರಿದರೆ ಮಗ ಮರುದಿನದಿಂದ ಸುಳ್ಳು ಅಂಕಿ ಬರೆಯುತ್ತಾನೆ. ಆ ಸುಳ್ಳಿನಲ್ಲಿ ತಂದೆಯ ಕ್ರೋಧಕ್ಕೂ ಪಾಲುಂಟು. ಯಂತ್ರ ತೋರಿಸುವ ಅಂಕಿ ಪಾಪಪುಣ್ಯದ ಲೆಕ್ಕವಲ್ಲ, ಮುಂದಿನ ಹೆಜ್ಜೆಯ ಸೂಚನೆ. "ಹದಿನಾರು ತುಂಬಿತು, ತಾನೇ ನೋಡಿಕೊಳ್ಳಲಿ" ಎಂದು ಕೈಬಿಡುವುದೂ ತಪ್ಪೇ. ತಂದೆತಾಯಿ ಜಗಳವಿಲ್ಲದೆ ಈ ಕೆಲಸದಲ್ಲಿ ಜೊತೆಗೂಡಿದರೆ ರೋಗದ ಹತೋಟಿ ಉತ್ತಮಗೊಳ್ಳುವುದೆಂದು ಬಾಸ್ಟನ್ ನಗರದ ಜೋಸ್ಲಿನ್ ಕೇಂದ್ರದವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಮರೆಮಾಚುವಿಕೆಯೆಂಬ ಮತ್ತೊಂದು ದೋಷ ಸೇರುತ್ತದೆ. ಮುಂದೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂದು ಅಂಜಿ ನೆಂಟರೆದುರು ಮಗಳ ಸೂಜಿಯನ್ನು ತಪ್ಪಿಸುವ ಮನೆಗಳುಂಟು. ಶಾಲೆಯ ಗುರುಗಳಿಗೂ ಹೇಳದಿದ್ದರೆ ತರಗತಿಯಲ್ಲಿ ಕಣ್ಣು ಕತ್ತಲೆ ಬಂದ ದಿನ ಅವಳ ಕೈಗೆ ಸಕ್ಕರೆ ಕೊಡುವವರು ಯಾರು? ಇದು ಮಾಯಾಕಷಾಯ; ಅದರ ಬೆಲೆಯನ್ನು ತೆರುವವಳು ಮಾತ್ರ ಮಗಳು.

ರೋಗಿಯ ಶುಶ್ರೂಷೆಯನ್ನು ಶಾಸ್ತ್ರವು ವೈಯಾವೃತ್ತ್ಯವೆಂದು ಕರೆದು ಅಭ್ಯಂತರ ತಪಗಳಲ್ಲಿ ಎಣಿಸಿದೆ. ಅದು ಮೂಲತಃ ಮುನಿಸಂಘಕ್ಕೆ ಹೇಳಿದ ಮಾತು. ಆದರೆ ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನವನ್ನು ಬಲ್ಲ ಗೃಹಸ್ಥನಿಗೆ ಅದರ ಭಾವ ಹೊಸದಲ್ಲ. ತಾಯಿ ಅನಶನದಲ್ಲಿದ್ದರೂ ಮಗನ ರೊಟ್ಟಿಯನ್ನು ವೇಳೆಗೆ ಬಡಿಯಲಿ. ಏಕಾಶನದ ಅಜ್ಜಿ ತನ್ನ ಒಪ್ಪತ್ತಿನ ಊಟಕ್ಕೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ತಂದೆ ಮೊದಲು ಕೈಕಾಲು ತೊಳೆದು, ಆಮೇಲೆ ಸಮಾಧಾನದಿಂದ ವಿಚಾರಿಸಲಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಅಕ್ಕ ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ತಂಪಾಗಿಡಲಿ. ಇವೆಲ್ಲ ಕರ್ಮನಿರ್ಜರೆಯ ದಾರಿಯೇ.

ಚತುರ್ದಶಿ ಕಳೆದು ಕ್ಷಮಾವಣಿಯ ದಿನ ಮನೆಮಂದಿ ಪರಸ್ಪರ ಕ್ಷಮೆ ಬೇಡುವಾಗ, ಗದರಿದ ತಂದೆ ಮಗನಲ್ಲಿಯೂ ಅಂಕಿ ಮುಚ್ಚಿಟ್ಟ ಮಗ ತಂದೆಯಲ್ಲಿಯೂ ಕ್ಷಮೆ ಕೇಳುವಂತಾದರೆ, ಒಂದೂ ಉಪವಾಸ ಮಾಡದ ಆ ಬಾಲಕನ ಪರ್ವವೂ ಸಾಂಗವಾಗಿ ನೆರವೇರಿತೆಂದು ತಿಳಿಯಬೇಕು.