ಹಿಮ ಉಳುವ ಊರು

ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಆಫೀಸ್ ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದೆ. ನಡುವೆ ಮೂರು ದಿನ ರಜೆ ಸಿಕ್ಕಿತು. ಜೊತೆಯಲ್ಲಿದ್ದವರೆಲ್ಲ ಕ್ಯೋಟೋದ ದೇವಸ್ಥಾನಗಳಿಗೆ ಹೊರಟರು. ನಾನು ಉತ್ತರದ ಹೊಕ್ಕೈಡೋ ದ್ವೀಪದಲ್ಲಿರುವ ಒಬಿಹಿರೋಗೆ ವಿಮಾನ ಹತ್ತಿದೆ. ನೀವು ಈ ಹೆಸರು ಕೇಳಿರಲಿಕ್ಕಿಲ್ಲ, ನಾನೂ ಕೇಳಿರಲಿಲ್ಲ. ಊಟದ ಹೊತ್ತಲ್ಲಿ ನಮ್ಮಪ್ಪ ರೈತ ಅಂದಿದ್ದಕ್ಕೆ ಅಲ್ಲಿನ ಸಹೋದ್ಯೋಗಿಯೊಬ್ಬರು, ‘ಹಾಗಾದರೆ ನೀವು ನೋಡಬೇಕಾದ್ದು ಕ್ಯೋಟೋ ಅಲ್ಲ, ಒಬಿಹಿರೋ’ ಅಂದಿದ್ದರು. ಅಷ್ಟೇ ಕಾರಣ.

ಬೆಳಿಗ್ಗೆ ಮೈನಸ್ ಹದಿನೈದು ಡಿಗ್ರಿ. ಊರಾಚೆ ಕಣ್ಣು ಹಾಯಿಸಿದಷ್ಟೂ ಬಿಳಿ. ಆ ಬಿಳಿಯ ನಡುವೆ ಒಂದು ಟ್ರ್ಯಾಕ್ಟರ್ ಹೋಗ್ತಾ ಇತ್ತು. ಹೊಲದ ತುಂಬ ಗೆರೆ ಎಳೆದಂತೆ ಹಿಮವನ್ನು ಅತ್ತಿತ್ತ ಸರಿಸಿ ದಿಂಡು ಮಾಡುತ್ತಿತ್ತು. ಹಿಮ ಉಳ್ತಾರಾ? ನಾನು ಉಳಿದುಕೊಂಡಿದ್ದ ಮನೆಯ ಯಜಮಾನರು ಫೋನಿನ ಅನುವಾದಕ ಆ್ಯಪ್ ಹಿಡಿದು ವಿವರಿಸಿದರು. ಆಲೂಗಡ್ಡೆ ಕಿತ್ತ ಮೇಲೆ ಒಂದಷ್ಟು ಗೆಡ್ಡೆ ಮಣ್ಣಲ್ಲೇ ಉಳಿಯುತ್ತೆ. ಮೇಲೆ ಬಿದ್ದ ಹಿಮ ಕಂಬಳಿಯ ಹಾಗೆ ನೆಲವನ್ನು ಬೆಚ್ಚಗಿಡುವುದರಿಂದ ಆ ಗೆಡ್ಡೆಗಳು ಸಾಯುವುದಿಲ್ಲ, ಮುಂದಿನ ಬೆಳೆಯಲ್ಲಿ ಕಳೆಯಾಗಿ ಹುಟ್ಟುತ್ತವೆ. ಅದಕ್ಕೇ ಹಿಮ ಸರಿಸಿ ನೆಲಕ್ಕೆ ಚಳಿ ಹಿಡಿಸುತ್ತಾರೆ. ಬೇಸಿಗೆಯಲ್ಲಿ ಬಗ್ಗಿ ಬಗ್ಗಿ ಕೀಳುವ ಕಳೆಯನ್ನು ಚಳಿಯ ಕೈಯಲ್ಲೇ ಕೀಳಿಸುವ ಉಪಾಯ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಗರದ ಮನೆಯ ಜಗುಲಿ ಮೇಲೆ ಕೂತು ನೋಡಿದರು.

‘ಸುಣ್ಣ ಚೆಲ್ದಂಗದಲ್ಲ ಮಗ. ಎಷ್ಟ್ ಎಕರೆ ಅದು?’

ಇಲ್ಲಿ ಒಂದು ರೈತ ಕುಟುಂಬಕ್ಕೆ ಸರಾಸರಿ ನೂರು ಎಕರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಅಷ್ಟನ್ನೂ ಒಬ್ನೇ ಮಾಡಾದಾದ್ರ, ಮಿಕ್ಕೋರೆಲ್ಲ ಎಲ್ಗೋದ್ರು?’

ಈ ಬರಹ ಆ ಪ್ರಶ್ನೆಯ ಬಗ್ಗೆ.

ಒಬಿಹಿರೋ ದೊಡ್ಡ ನಗರವಲ್ಲ. ಜನಸಂಖ್ಯೆ ಒಂದೂ ಮುಕ್ಕಾಲು ಲಕ್ಷದ ಒಳಗೆ. ಸುತ್ತಲಿನ ಬಯಲು ಸೀಮೆಗೆ ತೊಕಾಚಿ ಅಂತ ಹೆಸರು. ನಮ್ಮ ಯಳಂದೂರು, ಹನೂರು ಕಡೆಯವರಿಗೆ ಕೊಳ್ಳೇಗಾಲ ಇದ್ದ ಹಾಗೆ ಅವರಿಗೆ ಒಬಿಹಿರೋ. ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್, ಹುರುಳಿ ಜಾತಿಯ ಕಾಳುಗಳನ್ನು ಒಂದಾದ ಮೇಲೊಂದು ಸರದಿಯಲ್ಲಿ ಬೆಳೆಯುತ್ತಾರೆ. ಆ ಸೀಮೆ ಬೆಳೆಯುವ ಆಹಾರ ಅಲ್ಲಿನ ಜನಕ್ಕೆ ಬೇಕಾದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಇಡೀ ಜಪಾನ್ ತನಗೆ ಬೇಕಾದ ಆಹಾರದ ಅರ್ಧದಷ್ಟನ್ನೂ ಬೆಳೆದುಕೊಳ್ಳುವುದಿಲ್ಲ ಅನ್ನೋದು ನೆನಪಿರಲಿ. ನಗರದಲ್ಲಿ 1941ರಲ್ಲಿ ಶುರುವಾದ ಕೃಷಿ ಮತ್ತು ಪಶುವೈದ್ಯ ವಿದ್ಯಾಲಯವಿದೆ, ಕೃಷಿ ಕಲಿಸುವ ಹೈಸ್ಕೂಲಿದೆ. ‘ಸಿಲ್ವರ್ ಸ್ಪೂನ್’ ಅನಿಮೆ ನೋಡಿದ್ದರೆ, ಅದರ ಮೂಲ ಬರೆದ ಹಿರೋಮು ಅರಾಕಾವಾ ಈ ಸೀಮೆಯ ಹೈನುಗಾರರ ಮನೆಯವರು, ಅದೇ ಹೈಸ್ಕೂಲಲ್ಲಿ ಓದಿದವರು.

1883ರಲ್ಲಿ ಯೋದಾ ಬೆನ್ಜೋ ಎಂಬಾತ ದಕ್ಷಿಣದಿಂದ ಇಪ್ಪತ್ತೇಳು ಜನರನ್ನು ಕರೆದುಕೊಂಡು ಬಂದು ಇಲ್ಲಿ ಕಾಡು ಕಡಿಯಲು ಶುರು ಮಾಡಿದ. ಮಿಡತೆ ತಿಂದವು, ಚಳಿ ಕೊಂದಿತು, ಜನ ಬಿಟ್ಟು ಹೋದರು. ಅವನ ಕಂಪನಿ ಬೆಣ್ಣೆ ಮಾಡಿತು, ಅದೂ ನಿಲ್ಲಲಿಲ್ಲ. ಇವತ್ತು ಒಬಿಹಿರೋದ ಪ್ರಸಿದ್ಧ ತಿಂಡಿ ಒಂದು ಬೆಣ್ಣೆ ಬಿಸ್ಕತ್ತು. ಅದಕ್ಕೆ ಇಟ್ಟಿರುವುದು ಸೋತುಹೋದ ಆ ಬೆಣ್ಣೆಯ ಹೆಸರನ್ನೇ. ಸೋತವನ ಹೆಸರನ್ನು ಸಿಹಿಯಲ್ಲಿ ಉಳಿಸಿಕೊಂಡ ಊರು ಅಂತ ನನಗೆ ಖುಷಿಯಾಯಿತು.

ಆದರೆ ಅಪ್ಪನ ಪ್ರಶ್ನೆ ಬಿಡಲಿಲ್ಲ. ಮನೆಯ ಯಜಮಾನರನ್ನು ಕೇಳಿದೆ. ಅವರು ನಕ್ಕು ತಮ್ಮ ಎದೆ ಮುಟ್ಟಿಕೊಂಡರು. ರೈತರ ಎರಡನೇ ಮಗ ಅವರು. ಅಣ್ಣ ಊರಲ್ಲಿ ಉಳಿದ, ಇವರು ಪೇಟೆಗೆ ಬಂದರು. ಅಕ್ಕಪಕ್ಕದ ನಾಲ್ಕು ಮನೆಯವರು ಹೋದ ಮೇಲೆ ಅವರ ಜಮೀನೂ ಅಣ್ಣನ ಕೈಗೆ ಬಂತು. ಹೋದವರು ಮಾರಿದರು, ಇಲ್ಲವೇ ಗುತ್ತಿಗೆಗೆ ಕೊಟ್ಟರು. ನೂರು ಎಕರೆಯ ರೈತ ಅಂದರೆ ಹೊರಟುಹೋದವರ ಜಾಗದಲ್ಲಿ ನಿಂತಿರುವವನು.

ಅವರಿಗಿಂತ ಮೊದಲು ಹೋಗಬೇಕಾಗಿ ಬಂದವರೂ ಇದ್ದಾರೆ. ಒಬಿಹಿರೋ ಅನ್ನುವ ಹೆಸರೇ ಐನು ಭಾಷೆಯಿಂದ ಬಂದದ್ದು. ಯೋದಾ ಬಂದಾಗ ಅದು ಖಾಲಿ ಕಾಡಾಗಿರಲಿಲ್ಲ, ಐನು ಜನ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದ ನೆಲ. ಜಪಾನ್ ಅವರನ್ನು ಮೂಲನಿವಾಸಿಗಳು ಅಂತ ಕಾನೂನಿನಲ್ಲಿ ಒಪ್ಪಿಕೊಂಡದ್ದು 2019ರಲ್ಲಿ. ಇದನ್ನು ಓದುವಾಗ ನನಗೆ ನಮ್ಮೂರಿಂದ ಕಾಣುವ ಬಿಳಿಗಿರಿರಂಗನ ಬೆಟ್ಟ ನೆನಪಾಯಿತು. 1974ರಲ್ಲಿ ಅದು ವನ್ಯಧಾಮವಾದಾಗ ಸೋಲಿಗರ ಬೇಟೆಯೂ ಕಾಡಿನೊಳಗಿನ ಬೇಸಾಯವೂ ನಿಂತಿತು. ಅವರ ಸಮುದಾಯದ ಅರಣ್ಯ ಹಕ್ಕಿಗೆ ಪತ್ರ ಸಿಕ್ಕಿದ್ದು 2011ರಲ್ಲಿ.

1974 ನಮ್ಮ ಮನೆಯಲ್ಲಿ ಇನ್ನೊಂದು ಕಾರಣಕ್ಕೆ ನೆನಪಿರುವ ವರ್ಷ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ವರ್ಷ ಅದು. ಉಳುವವನೇ ಹೊಲದೊಡೆಯ. ನನ್ನ ತಾತ ಗೇಣಿದಾರ. ಅರ್ಜಿ ಹಾಕಿ, ವರ್ಷಗಟ್ಟಲೆ ಅಲೆದು, ಎರಡು ಎಕರೆ ಹತ್ತು ಗುಂಟೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ನಾನು ಬಿಇ ಓದಿದ್ದು ಆ ನೆಲದ ಕಬ್ಬು, ಬಾಳೆಯ ದುಡ್ಡಲ್ಲಿ.

ಈಗ ಆ ನೆಲ ಉಳುವವರು ಯಾರು? ಅಪ್ಪನಿಗೆ ಮಂಡಿ ನೋವು. ನಾನು ಬೆಂಗಳೂರಲ್ಲಿ. ಐದು ವರ್ಷದಿಂದ ಜಮೀನು ಮಾಡುತ್ತಿರುವವನು ನಮ್ಮ ಬೀದಿಯವನೇ. ನಾನು ಅಣ್ಣ ಅಂತ ಕರೆಯುವವನು, ಅಪ್ಪನನ್ನು ಮಾವ ಅನ್ನುವವನು. ಬರೀ ಬಾಯಿಮಾತಿನ ವಾರ, ಅರ್ಧ ಅರ್ಧ. ಕಾಗದ ಇಲ್ಲ, ಇರುವ ಹಾಗೂ ಇಲ್ಲ. ಗೇಣಿಯನ್ನು ನಿಲ್ಲಿಸಿದ ಅದೇ ಕಾನೂನು ಇವತ್ತಿಗೂ ಗುತ್ತಿಗೆಯನ್ನು ಒಪ್ಪುವುದಿಲ್ಲ. ಪಹಣಿ ನಮ್ಮ ಹೆಸರಲ್ಲಿ. ಆದ್ದರಿಂದ ಅವನಿಗೆ ಬೆಳೆಸಾಲವೂ ಇಲ್ಲ, ಪರಿಹಾರವೂ ಇಲ್ಲ.

ಒಂದು ವರ್ಷ ಗಾಳಿಮಳೆಗೆ ಬಾಳೆ ಮಲಗಿತು. ಗೊನೆ ಬಿಟ್ಟ ಗಿಡಗಳು. ಸರ್ಕಾರದ ಪರಿಹಾರ ಅಪ್ಪನ ಖಾತೆಗೆ ಬಂತು. ನಾವು ಅವನಿಗೆ ಅರ್ಧ ಕೊಟ್ಟೆವು. ಒಪ್ಪಂದ ಅರ್ಧ ಅರ್ಧ ತಾನೇ ಅಂತ ನಾನೇ ಅಪ್ಪನಿಗೆ ಹೇಳಿದ್ದೆ. ಕಂದು, ಗೊಬ್ಬರ, ಕೂಲಿ, ಹತ್ತು ತಿಂಗಳ ನೀರು ಎಲ್ಲ ಅವನದು. ನಮ್ಮದು ಬರೀ ಪಹಣಿ. ಅವನು ಏನೂ ಅನ್ನಲಿಲ್ಲ. ‘ಆಯ್ತು ಬುಡಪ್ಪ’ ಅಂದ.

ಒಬಿಹಿರೋದ ಚಳಿಯಲ್ಲಿ ನನಗೆ ಹೊಳೆದದ್ದು ಇದು. ನನ್ನ ತಾತ ಯಾರ ವಿರುದ್ಧ ಅರ್ಜಿ ಹಾಕಿದ್ದರೋ, ಆ ದೂರದ ಒಡೆಯನ ಜಾಗದಲ್ಲಿ ಈಗ ನಾನು ಕೂತಿದ್ದೀನಿ.

ಜಪಾನಿನಲ್ಲೂ ಮಹಾಯುದ್ಧದ ನಂತರ ಗೇಣಿದಾರರಿಗೆ ಭೂಮಿ ಸಿಕ್ಕಿತ್ತು. ಅವರ ಮಕ್ಕಳೂ ನಮ್ಮ ಹಾಗೇ ಪೇಟೆ ಸೇರಿದರು. 2014ರಿಂದ ಅಲ್ಲಿ ಪ್ರತಿ ಪ್ರಾಂತ್ಯಕ್ಕೂ ಒಂದು ಸಂಸ್ಥೆ ಇದೆ. ಬಿಟ್ಟು ಹೋಗುವವರ ಜಮೀನನ್ನು ಕರಾರು ಮಾಡಿ ಪಡೆದು, ಉಳುವವರಿಗೆ ಕರಾರು ಮಾಡಿಯೇ ಕೊಡುತ್ತದೆ. ಹೋದವನ ಹಕ್ಕೂ ಕಾಗದದಲ್ಲಿ, ಉಳಿದವನ ಹಕ್ಕೂ ಕಾಗದದಲ್ಲಿ. ಅದರಿಂದ ಹಳ್ಳಿಗಳು ತುಂಬಿಲ್ಲ. ಆದರೆ ಉಳಿದವನು ಕಣ್ಣಿಗೆ ಕಾಣದವನಾಗಿಲ್ಲ.

ನಮ್ಮಂಥವರು ಬೆಂಗಳೂರಲ್ಲಿ ಕೂತು ‘ಊರಲ್ಲಿ ಜಮೀನಿದೆ, ಮಾರಲ್ಲ’ ಅನ್ನುವಾಗ ದನಿಯಲ್ಲಿ ಒಂದು ಹೆಮ್ಮೆ ಇರುತ್ತೆ. ನನಗೂ ಇತ್ತು. ಮಾರದಿರುವುದೇ ಋಣ ತೀರಿಸೋದು ಅಂದುಕೊಂಡಿದ್ದೆ. ಈಗ ಅನುಮಾನ. ಋಣ ಇರುವುದು ಮಣ್ಣಿಗೋ, ಆ ಮಣ್ಣಿನಲ್ಲಿ ಇವತ್ತು ಬಗ್ಗಿ ನಿಂತವನಿಗೋ?

ಕೊನೆಯ ದಿನ ಅಲ್ಲಿನ ಕುದುರೆ ಓಟ ನೋಡಿದೆ. ಕಾಡು ಕಡಿದ ಕಾಲದಲ್ಲಿ ಮರದ ದಿಮ್ಮಿ ಎಳೆದ ತಳಿಯ ಕುದುರೆಗಳು, ಒಂದೊಂದೂ ಸುಮಾರು ಟನ್ ತೂಕ. ಭಾರದ ಜಾರುಬಂಡಿ ಎಳೆದುಕೊಂಡು 200 ಮೀಟರ್, ನಡುವೆ ಎರಡು ದಿಬ್ಬ. ಉಳಿದ ನಗರಗಳು ಕೈಬಿಟ್ಟ ಮೇಲೆ, 2007ರಿಂದ ಒಬಿಹಿರೋ ಒಂದೇ ಇದನ್ನು ನಡೆಸುತ್ತಿದೆ. ಕುದುರೆಗಳು ನಿಂತು ಉಸಿರು ತಗೊಂಡು ಮತ್ತೆ ಎಳೆಯುತ್ತವೆ. ಮೂತಿ ಗೆರೆ ದಾಟಿದರೆ ಗೆದ್ದ ಹಾಗಲ್ಲ. ಹಿಂದಿರುವ ಬಂಡಿಯ ತುದಿ ಪೂರ್ತಿ ದಾಟಬೇಕು. ನನ್ನ ಮೂತಿ ಯಾವತ್ತೋ ಬೆಂಗಳೂರು ದಾಟಿತ್ತು.

ಯುಗಾದಿಗೆ ಊರಿಗೆ ಹೋದಾಗ ಪರಿಹಾರದ ಇನ್ನರ್ಧ ಅವನಿಗೆ ಕೊಟ್ಟೆ. ಮೊದಲು ಬೇಡ ಅಂದ, ಆಮೇಲೆ ತಗೊಂಡ. ರಾತ್ರಿ ಅಪ್ಪನಿಗೆ ಹೇಳಿದೆ: ‘ಮುಂದೆ ಮಾರೋದಾದ್ರೆ ಅವನಿಗೇ ಮಾರೋಣ. ಬ್ರೋಕರ್ ಹೇಳೋ ರೇಟಿಗಲ್ಲ, ಅವನು ಬೆಳೆದು ತೀರಿಸೋ ರೇಟಿಗೆ.’

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ‘ಕೊಡಾವ, ನ್ಯಾಯವೇ. ಆದ್ರ ಆಮೇಲ ನಿನ್ನ ಮಗ್ಳು ನಮ್ಮೂರ್ ಯಾವ್ದು ಅಂದ್ರ ಏನಂದಿಯ?’

ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಈ ಸಲ ಅವನು ಅರಿಸಿನ ಹಾಕಿದ್ದಾನೆ.