ಡಿಸೆಂಬರ್ ಇಲ್ಲದ ದ್ವೀಪ

ಅಮೆರಿಕದ ಉತ್ತರದ ಊರುಗಳಲ್ಲಿ ಡಿಸೆಂಬರ್ ತಿಂಗಳ ಪಾರ್ಟಿಗೆ ‘ದ್ವೀಪ’ದ ಥೀಮ್ ಇಡುವುದು ಮಾಮೂಲು. ಹೊರಗೆ ಹಿಮ, ಸಂಜೆ ಐದಕ್ಕೆಲ್ಲ ಕಗ್ಗತ್ತಲು. ಒಳಗೆ ಹೀಟರ್ ಏರಿಸಿ, ಹೂವಿನ ಅಂಗಿ ತೊಟ್ಟವರ ಕೈಯಲ್ಲಿ ಕಾಗದದ ಪುಟ್ಟ ಕೊಡೆ ಸಿಕ್ಕಿಸಿದ ಗ್ಲಾಸು. ರಮ್ಮು, ಅನಾನಸ್ ರಸ, ತೆಂಗಿನಕಾಯಿಯ ಕ್ರೀಮು, ನಿಂಬೆ. ನಾನು ಪಿಎಚ್‌ಡಿ ಮಾಡುತ್ತಿರುವ ವಿಭಾಗದಲ್ಲಿ ಈ ಸಲ ಪಾನೀಯಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಷ್ಟು ಸಣ್ಣ ಕೆಲಸದಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಪಟ್ಟಿ ಬರೆಯಲು ಕೂತಾಗ ಬಂತು.

ಈ ದ್ವೀಪ ಭೂಪಟದಲ್ಲಿಲ್ಲ. ಅದು ಹುಟ್ಟಿದ್ದು ಹಾಲಿವುಡ್‌ನಲ್ಲಿ. ಪಾನನಿಷೇಧ ಮುಗಿದ 1933ರಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬಾತ ಅಲ್ಲೊಂದು ಸಣ್ಣ ಬಾರ್ ತೆರೆದ. ಆಮೇಲೆ ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಿಸಿಕೊಂಡ. ಆರ್ಥಿಕ ಕುಸಿತದ ಕಾಲ, ದೂರದ ಸಮುದ್ರ ನೋಡಲು ಹಣವಿಲ್ಲದವರಿಗೆ ಆತ ಸಮುದ್ರವನ್ನೇ ಗ್ಲಾಸಿನಲ್ಲಿಟ್ಟು ಕೊಟ್ಟ. ತಗಡಿನ ಮಾಡಿನ ಮೇಲೆ ನೀರು ಬಿಟ್ಟು ಮಳೆಯ ಸದ್ದನ್ನೂ ಕೇಳಿಸುತ್ತಿದ್ದನಂತೆ. (ಮಲೆನಾಡಿನವರು ಇದಕ್ಕೆ ದುಡ್ಡು ಕೊಡಬೇಕಾ ಎಂದು ನಕ್ಕಾರು.) ಅವನ ರಮ್ಮು ಕೆರಿಬಿಯನ್ನಿನದು, ಗೋಡೆಯ ಮೇಲಿನ ಮುಖವಾಡಗಳು ಪೆಸಿಫಿಕ್ ಸಾಗರದ ಪಾಲಿನೇಷಿಯಾದವು. ಎರಡರ ನಡುವೆ ಒಂದು ಭೂಖಂಡವೂ ಸಾವಿರಾರು ಮೈಲಿ ನೀರೂ ಇವೆ. ಕೌಂಟರಿನ ಹಿಂದೆ ನಿಂತು ಬೆರೆಸುತ್ತಿದ್ದವರಲ್ಲಿ ಬಹಳ ಮಂದಿ ಫಿಲಿಪೀನ್ಸ್‌ನಿಂದ ಬಂದವರು.

ಬೆರಕೆಯನ್ನು ನಾನು ತಪ್ಪೆನ್ನಲಾರೆ. ಉಡುಪಿ ಕಡೆಯ ಮದುವೆಯೂಟದಲ್ಲಿ ಅನಾನಸ್ ಮೆಣಸ್ಕಾಯಿ ಬಡಿಸುವಾಗ ದಕ್ಷಿಣ ಅಮೆರಿಕದ ಹಣ್ಣು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಯಾರಿಗೂ ನೆನಪಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹಣ್ಣುಗಳು ಓಡಾಡುತ್ತವೆ, ಅಡುಗೆಯವರು ಅವುಗಳನ್ನು ತಮ್ಮವಾಗಿಸಿಕೊಳ್ಳುತ್ತಾರೆ.

ಆದರೆ ಇತಿಹಾಸ? ರಮ್ಮಿಗೆ ಬೇಕಾದ ಕಾಕಂಬಿ ಬಂದದ್ದು ಬಾರ್ಬಡೋಸ್, ಜಮೈಕಾಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿದು ಸತ್ತವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗುಲಾಮಗಿರಿ ನಿಂತ ಮೇಲೆ, 1838ರಿಂದ, ಡೆಮೆರಾರಾದ ಕಬ್ಬಿಗೆ ಕರಾರಿನ ಕೂಲಿಗಳಾಗಿ ಹೋದವರು ನಮ್ಮ ದೇಶದವರು. ಹವಾಯಿಯ ರಾಣಿ ಲಿಲಿಯುಒಕಲಾನಿಯನ್ನು 1893ರಲ್ಲಿ ಪದಚ್ಯುತಗೊಳಿಸಿ ಬಂದ ಸರ್ಕಾರದ ಮುಖ್ಯಸ್ಥ ಸ್ಯಾನ್‌ಫರ್ಡ್ ಡೋಲ್; 1901ರಲ್ಲಿ ಅಲ್ಲಿ ಅನಾನಸ್ ಕಂಪನಿ ಕಟ್ಟಿದ ಜೇಮ್ಸ್ ಡೋಲ್ ಆತನ ಸಂಬಂಧಿ. ಇದೆಲ್ಲ ನಿಜ. ಆದರೂ ಈ ವಾದವನ್ನು ಗ್ಲಾಸು ಕೈಯಲ್ಲಿ ಹಿಡಿದೇ ಮಾಡುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಈ ಲೆಕ್ಕದಲ್ಲಿ ಸಕ್ಕರೆ, ಚಹಾ, ಹತ್ತಿ ಬಟ್ಟೆ ಯಾವುದೂ ಉಳಿಯುವುದಿಲ್ಲ. ಎಲ್ಲವೂ ಕಳಂಕಿತ ಎಂದು ಹೇಳಿ ನಿಟ್ಟುಸಿರು ಬಿಟ್ಟವನು ಏನನ್ನೂ ಬಿಡದೆಯೇ ಶುದ್ಧನಾಗಿಬಿಡುತ್ತಾನೆ.

ಹಾಗಾಗಿ ನನ್ನ ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಂಡೆ. ಈ ಪಾನೀಯ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಇದನ್ನು ಕುಡಿದು ಖುಷಿಪಡಲು ಇವತ್ತು ನಾನು ಯಾರನ್ನು ಕಾಣದ ಹಾಗೆ ಇರಬೇಕು?

ಮೊದಲು ಮಗ್ಗಿನ ವಿಷಯ. ಇಂಥ ಪಾರ್ಟಿಗಳಲ್ಲಿ ಹಲ್ಲು ಕಿರಿದ ಮುಖವಿರುವ ಪಿಂಗಾಣಿ ಮಗ್ಗುಗಳಿರುತ್ತವೆ, ಹೆಸರು ಟಿಕಿ. ಮಾವೊರಿಗಳ ಕಥೆಗಳಲ್ಲಿ ಟಿಕಿ ಎಂದರೆ ಮೊದಲ ಮನುಷ್ಯ. ಪಾಲಿನೇಷಿಯಾದ ಹಲವೆಡೆ ಮರದಲ್ಲಿ, ಕಲ್ಲಿನಲ್ಲಿ ಕೆತ್ತಿದ ಮನುಷ್ಯಾಕೃತಿಗೂ ಇದೇ ಹೆಸರು. ಮಾವೊರಿಗಳಿಗೆ ದೇಹದಲ್ಲಿ ಅತಿ ಪವಿತ್ರವಾದದ್ದು ತಲೆ. ಆ ತಲೆಯನ್ನೇ ಟೊಳ್ಳು ಮಾಡಿ, ರಮ್ಮು ಸುರಿದು, ಸ್ಟ್ರಾ ಚುಚ್ಚುತ್ತೇವೆ. ‘ಕಾಂತಾರ’ ಬಂದ ಮೇಲೆ ದೈವದ ವೇಷವನ್ನು ಕಂಡಕಂಡ ವೇದಿಕೆಯಲ್ಲಿ ಅನುಕರಿಸಬೇಡಿ ಎಂದು ತುಳುನಾಡಿನ ದೈವಾರಾಧಕರು ಕೇಳಿಕೊಂಡಿದ್ದು ನೆನಪಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಪಂಜುರ್ಲಿಯ ಮುಖದ ಬಿಯರ್ ಮಗ್ಗು ಎಂದು ಕಲ್ಪಿಸಿಕೊಂಡರೆ ಸಾಕು. ಮಗ್ಗುಗಳು ಬೇಡವೆಂದೆ. ಅದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಕಷ್ಟದ್ದು ಇನ್ನೊಂದು. ನಮ್ಮ ವಿಭಾಗದಲ್ಲಿ ಪೋರ್ಟೊ ರಿಕೊದ ಒಬ್ಬ ಗೆಳತಿ ಇದ್ದಾಳೆ. ಪಿನ್ಯಾ ಕೊಲಾಡಾ ಅವಳ ದ್ವೀಪದ್ದು. 1954ರಲ್ಲಿ ಸಾನ್ ಹ್ವಾನ್ ನಗರದ ದೊಡ್ಡ ಹೋಟೆಲೊಂದರಲ್ಲಿ ರಮೋನ್ ಮರ್ರೆರೊ ಎಂಬ ಬಾರ್‌ಟೆಂಡರ್ ಅದನ್ನು ರೂಪಿಸಿದರೆಂಬುದು ಹೆಚ್ಚು ಪ್ರಚಲಿತ. ಬೇರೆ ಹಕ್ಕುದಾರರೂ ಇದ್ದಾರೆ. 1978ರಲ್ಲಿ ಅದು ಪೋರ್ಟೊ ರಿಕೊದ ಅಧಿಕೃತ ಪಾನೀಯವಾಯಿತು. ಹೊರಗಿನವರಿಗಾಗಿ ಮಾಡಿದ್ದನ್ನು ದ್ವೀಪದವರೇ ಹೆಮ್ಮೆಯಿಂದ ತಮ್ಮದೆಂದರು. ಇದರಲ್ಲಿ ಅವರನ್ನು ಬರೀ ಬಲಿಪಶುಗಳಂತೆ ನೋಡುವುದೂ ಒಂದು ಅಹಂಕಾರವೇ. ಹಾಗೆಂದು ಪಟ್ಟಿಗೆ ಪಿನ್ಯಾ ಕೊಲಾಡಾ ಸೇರಿಸಿ ಅವಳಿಗೆ ತೋರಿಸಿದೆ. “ಇರಲಿ, ಒಳ್ಳೆಯದೇ. ಆದರೆ ನಮ್ಮಲ್ಲೂ ಡಿಸೆಂಬರ್ ಬರುತ್ತೆ, ಗೊತ್ತಲ್ಲ?” ಎಂದಳು.

ಕ್ರಿಸ್‌ಮಸ್ ಕಾಲಕ್ಕೆ ಅವರ ಮನೆಗಳಲ್ಲಿ ಮಾಡುವುದು ಕೊಕಿಟೊ. ತೆಂಗಿನ ಹಾಲು, ಮಂದ ಹಾಲು, ರಮ್ಮು, ದಾಲ್ಚಿನ್ನಿ, ಜಾಯಿಕಾಯಿ. ಖಾಲಿ ಬಾಟಲಿಗಳನ್ನು ತೊಳೆದು ತುಂಬಿ, ನೆಂಟರಿಗೆ, ಪಕ್ಕದ ಮನೆಯವರಿಗೆ ಹಂಚುತ್ತಾರೆ. ಜನವರಿ 6ರ ಮೂರು ರಾಜರ ಹಬ್ಬದವರೆಗೂ, ಅದರಾಚೆಗೂ ನಡೆಯುತ್ತದೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಬಡಿದು ತಿಂಗಳುಗಟ್ಟಲೆ ಕರೆಂಟಿಲ್ಲದ ವರ್ಷವೂ ಅವರಮ್ಮ ಮಾಡಿದ್ದರಂತೆ, ಫ್ರಿಜ್ ಇಲ್ಲದ್ದರಿಂದ ಆ ದಿನಕ್ಕೆ ಸಾಕಾಗುವಷ್ಟು ಮಾತ್ರ.

ಅವಳ ಮಾತಿನಿಂದ ನನಗೆ ಹೊಳೆದದ್ದಿಷ್ಟು. ಪಾರ್ಟಿಯ ದ್ವೀಪಕ್ಕೆ ತಿಂಗಳುಗಳಿಲ್ಲ. ಅಲ್ಲಿ ಯಾವಾಗಲೂ ಒಂದೇ ಮಧ್ಯಾಹ್ನ. ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಕರೆಂಟು ಹೋಗುವುದಿಲ್ಲ, ಯಾರಿಗೂ ಹಬ್ಬವಿಲ್ಲ. ನಿಜವಾದ ದ್ವೀಪದವರು ಅಮೆರಿಕದ ಪ್ರಜೆಗಳಾಗಿದ್ದೂ, ಅಲ್ಲಿ ವಾಸವಿರುವಷ್ಟು ಕಾಲ ಅಮೆರಿಕದ ಅಧ್ಯಕ್ಷರಿಗೆ ಮತ ಹಾಕುವಂತಿಲ್ಲ ಎಂಬುದು ಆ ದ್ವೀಪದಲ್ಲಿ ಕೂತವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಕತ್ತಲಲ್ಲಿ ಕೂತವರು ಬಿಸಿಲಿನ ಕನಸು ಕಾಣುವುದು ತಪ್ಪಲ್ಲ. ಇಲ್ಲಿನ ಮೂರು ಚಳಿಗಾಲ ಕಂಡ ನಾನು ಆ ಕನಸನ್ನು ಲೇವಡಿ ಮಾಡಲಾರೆ. ಆದರೆ ಬಿಸಿಲಿರುವ ಊರಲ್ಲಿ ಜನವೂ ಇದ್ದಾರೆ. ಅವರ ಹಬ್ಬದ ಗ್ಲಾಸನ್ನು ಕೈಗೆತ್ತಿಕೊಂಡರೆ ಕನಿಷ್ಠ ಅವರ ಕ್ಯಾಲೆಂಡರನ್ನಾದರೂ ಒಪ್ಪಿಕೊಂಡಂತೆ. ಇದರಿಂದ ಯಾರ ಮತದ ಹಕ್ಕೂ ಬರುವುದಿಲ್ಲ, ಅದು ನನಗೆ ಗೊತ್ತು. ನಾಳೆ ಕೊಕಿಟೊವೂ ಒಂದು ಥೀಮ್ ಆಗಬಹುದು.

ಸದ್ಯಕ್ಕೆ ಪಟ್ಟಿಯಲ್ಲಿ ಮೂರಿವೆ. ಪಿನ್ಯಾ ಕೊಲಾಡಾ ಹೆಸರಿನ ಮುಂದೆ ಊರಿನ ಹೆಸರೂ ಇದೆ. ಕೊಕಿಟೊ ಗೆಳತಿ ತರುತ್ತಾಳೆ. ಮೂರನೆಯದು ಜಮೈಕಾದವರು ಕ್ರಿಸ್‌ಮಸ್‌ಗೆ ಮಾಡುವ ಸಾರೆಲ್: ಒಂದು ಗಿಡದ ಹೂವಿನ ಬುಡದ ದಪ್ಪ ಕೆಂಪು ಎಸಳುಗಳನ್ನು ಶುಂಠಿಯೊಂದಿಗೆ ಕುದಿಸಿ, ರಾತ್ರಿಯಿಡೀ ನೆನೆಯಬಿಟ್ಟು, ಸೋಸಿ, ಸಕ್ಕರೆ, ರಮ್ಮು ಸೇರಿಸುವುದು. ಆಫ್ರಿಕಾ ಮೂಲದ ಗಿಡ. ಒಣಗಿದ ಎಸಳು ಇಲ್ಲಿ ಮೆಕ್ಸಿಕೊದವರ ಅಂಗಡಿಯಲ್ಲಿ ಸಿಕ್ಕಿತು. ಪ್ಯಾಕೆಟ್ಟಿನ ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನು ಬಂತು.

“ಇದು ನಮ್ಮ ಪುಂಡಿ ಅಲ್ಲೇನವಾ? ಇದ್ರಾಗ ಶೆರೆ ಹಾಕ್ತಾರ? ಒಂದೀಟ ತೆಗೆದಿಡು, ಚಟ್ನಿ ಚೊಲೊ ಆಕ್ಕತಿ.”